ಗೋಮಾದ ನಾಗರಾಜ

ಪ್ರೀತಿಯ ಬಸ್ಯಾ,

ಫೋನ್ ಮಾಡಿದ್ರೆ ನೀನು ಎತ್ತಲ್ಲ, ಎತ್ತಿದ್ರೂ ಹೊಲದಲ್ಲಿದೀನಿ ಅಂತ ಇಟ್ಟುಬಿಡ್ತೀಯ. ಅದಕ್ಕೇ ನಾಲ್ಕು ಜನ ನೋಡೋ ಕಡೆ ಬರೀತಿದೀನಿ, ಮರ್ಯಾದೆಗಾದ್ರೂ ಉತ್ತರ ಕೊಡು. ಮುಸುಕಿನ ಜೋಳದ ಕಥೆ ಎತ್ತಲ್ಲ, ಹೆದರಬೇಡ.

ನಾವಿಬ್ಬರೂ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಡ್ಯೂಟಿ ಮಾಡಿದ ಕಾಂಗೋದ ಆ ಗೋಮಾ ಊರು 2025ರ ಜನವರಿ 27ಕ್ಕೆ ಮತ್ತೆ ಎಂ23 ಬಂಡುಕೋರರ ಕೈಗೆ ಹೋಯ್ತಲ್ಲ, ಅವತ್ತಿಂದ ಬರೀಬೇಕು ಅಂತಿದ್ದೆ. 2012ರ ನವೆಂಬರಲ್ಲೂ ಹೀಗೇ ಆಗಿತ್ತು, ಆಗ ನಾನು ಟೀವಿ ನೋಡಿ ‘ಅಯ್ಯೋ’ ಅಂದು ಊಟಕ್ಕೆ ಕೂತಿದ್ದೆ. ಈ ಸಲ ನಮ್ಮ ಗ್ರೂಪಿನಲ್ಲಿ ಒಂದೇ ಸಮ ವಿಡಿಯೋ. ಒಂದರಲ್ಲಿ ಆ ಬಂಗಾರದ ಬಣ್ಣದ ಚುಕುಡು ಪ್ರತಿಮೆಯ ಸರ್ಕಲ್ಲು, ಅದೇ ಸಾಮಾನು ಹೇರಿ ತಳ್ಳೋ ಎರಡು ಚಕ್ರದ ಮರದ ಗಾಡಿ. ನೋಡ್ತಾ ಇದ್ದಾಗ ನಮ್ಮ ತಾರಸಿ ಮೇಲೆ ಗಾರೆಯವನು ಬಿರುಕಿಗೆ ಸಿಮೆಂಟ್ ತುಂಬ್ತಿದ್ದ. ‘ಕಾಂಗೋ ದುಡ್ಡಿನ ಮನೆ ಸಾರ್, ಇಷ್ಟು ಬೇಗ ಸೋರಬಾರದಿತ್ತು’ ಅಂದ. ಊರೆಲ್ಲ ಹಾಗೇ ಕರೆಯೋದು, ಕಾಂಗೋ ಮನೆ. ನಾನೂ ಇಷ್ಟು ವರ್ಷ ಮೀಸೆಯಲ್ಲೇ ನಗ್ತಿದ್ದೆ. ಅವತ್ತು ನಗು ಬರಲಿಲ್ಲ ಕಣೋ.

ಅಲ್ಲಿ ಮೋರ್ಚಾ ಕಂದಕ ತೋಡೋಕೆ ಹೋಗಿ ನೀನು ಪಿಕಾಸಿ ಮುರಿದದ್ದು ನೆನಪಿದೆಯಾ? ಮೇಲೆ ನೋಡಿದ್ರೆ ಮಣ್ಣು, ಬೆರಳುದ್ದ ಕೆಳಗೆ ಕಮ್ಮಾರನ ಕುಲುಮೆಯ ಕಿಟ್ಟದಂಥ ಕಪ್ಪು ಕಲ್ಲು. ಟಣ್ ಅಂದು ಪಿಕಾಸಿ ವಾಪಸ್ ಹಣೆಗೆ ಬರ್ತಿತ್ತು. ನಾವು ಬಿದ್ದು ಬಿದ್ದು ನಕ್ಕಿದ್ವಿ. ಅದೇ ಕಲ್ಲಿನ ಮೇಲೆ 1994ರ ಜುಲೈನಲ್ಲಿ, ಕೆಲವೇ ದಿನಗಳಲ್ಲಿ, ರುವಾಂಡಾದಿಂದ ಲಕ್ಷಗಟ್ಟಲೆ ಜನ ಬಂದು ಕೂತಿದ್ರು. ಪಾಯಿಖಾನೆಗೆ ಗುಂಡಿ ತೋಡೋಕಾಗಲಿಲ್ಲ. ಕುಡಿಯೋಕೆ ಊರ ಪಕ್ಕದ ಕಿವು ಕೆರೆಯ ನೀರು. ಕಾಲರಾ ಹಿಡೀತು. ಒಂದು ತಿಂಗಳಲ್ಲಿ ಸುಮಾರು 50,000 ಜನ ಸತ್ತರು ಅಂತಾರೆ, ಅವರನ್ನ ಹೂಳೋಕೂ ನೆಲ ಬಾಯಿ ಬಿಡಲಿಲ್ಲ, ಬುಲ್ಡೋಜರ್ ತರಿಸಬೇಕಾಯ್ತು. ಇದು ನಾನು ಅಲ್ಲಿದ್ದಾಗ ತಿಳಿದದ್ದಲ್ಲ. ರಿಟೈರಾಗಿ ಹತ್ತು ವರ್ಷದ ಮೇಲೆ, ನಿದ್ದೆ ಬಾರದ ರಾತ್ರಿ ಮೊಬೈಲಲ್ಲಿ ಓದಿದ್ದು.

ಓದ್ತಾ ಹೋದೆ. ಊರು ಹುಟ್ಟಿದ್ದೇ ಬೇರೆಯವರ ಜಗಳದ ಬೇಲಿ ಪಕ್ಕ. ಈಚೆ ಬೆಲ್ಜಿಯಂನವರು, ಆಚೆ ಈಗಿನ ರುವಾಂಡಾದ ಗಿಸೆನ್ಯಿಯಲ್ಲಿ ಜರ್ಮನಿಯವರು. 1910ರಲ್ಲಿ ದೂರದ ಬ್ರಸೆಲ್ಸ್‌ನಲ್ಲಿ ಕೂತು ಗೆರೆ ಎಳೆದುಕೊಂಡ್ರು. ಅಂದಹಾಗೆ ಲಂಗರಿನಲ್ಲಿ, ಅದೇ ನಮ್ಮ ಪಡೆಯ ಊಟದ ಮನೆಯಲ್ಲಿ, ನೀನು ತಟ್ಟೆಗಟ್ಟಲೆ ಮುಗಿಸಿದ ಸಂಬಾಜಾ ಮೀನೂ ಆ ಕೆರೆಯದಲ್ಲವಂತೆ. 1959ರಲ್ಲಿ ಟಾಂಗಾನಿಕಾ ಸರೋವರದಿಂದ ತಂದು ಬಿಟ್ಟದ್ದು. ನಮ್ಮ ಹಾಗೇ ಪೋಸ್ಟಿಂಗ್ ಮೇಲೆ ಬಂದದ್ದು.

ಇನ್ನು ಆ ಬೆಂಕಿಬೆಟ್ಟ. ರಾತ್ರಿ ಸೆಂಟ್ರಿ ಡ್ಯೂಟಿಯಲ್ಲಿ ನ್ಯಿರಾಗೊಂಗೋ ಮೇಲಿನ ಮೋಡ ಕೆಂಪಗೆ ಕಾಣ್ತಿತ್ತಲ್ಲ, ನಮ್ಮೂರ ಇಟ್ಟಿಗೆ ಗೂಡಿಗೆ ಬೆಂಕಿ ಹಾಕಿದ ಹಾಗೆ. 2002ರ ಜನವರಿ 17ಕ್ಕೆ ಅದರ ಹೊಟ್ಟೆ ಒಡೆದು ಲಾವಾ ಪೇಟೆ ನಡುವೆ ಹರಿದು ಕೆರೆಗಿಳೀತು. ಏರ್‌ಪೋರ್ಟ್ ರನ್‌ವೇಯ ಬಡಗಣ ತುದಿ ಮುಚ್ಚಿಹೋಯ್ತು, ಲಕ್ಷಕ್ಕೂ ಮಿಕ್ಕಿ ಜನ ಮನೆ ಕಳಕೊಂಡ್ರು. ಗಡಿ ದಾಟಿ ಓಡಿದವರು ನೆಲ ಆರೋದನ್ನೂ ಕಾಯದೆ ವಾಪಸ್ ಬಂದು, ಮನೆ ನುಂಗಿದ ಕಲ್ಲನ್ನೇ ಒಡೆದು ಗೋಡೆ ಎಬ್ಬಿಸಿದ್ರು. 2021ರ ಮೇನಲ್ಲಿ ಇನ್ನೊಂದು ಸಲ ಹರಿದು, ಊರ ಬಾಗಿಲಿಗೆ ಬಂದು ನಿಂತಿತು.

ನಾನೂ ಗೋಡೆ ಎಬ್ಬಿಸಿದೆ. ನೀಲಿ ಹೆಲ್ಮೆಟ್ಟಿನ ದುಡ್ಡಲ್ಲಿ. ಅಲ್ಲಿ ಎಲ್ಲ ನೆಟ್ಟಗಿದ್ದಿದ್ರೆ ನಮ್ಮನ್ನ ಯಾರು ಕರೀತಿದ್ರು? ಬಸ್ಯಾ, ಆ ಟೂರ್ ಆರು ತಿಂಗಳು ಮುಂದಕ್ಕೆ ಹೋಗಬಹುದು ಅಂತ ಗಾಳಿಸುದ್ದಿ ಹಬ್ಬಿದಾಗ ನಾನು ಒಳಗೊಳಗೇ ಮೇಲಿನ ಮಹಡಿಯ ಲೆಕ್ಕ ಹಾಕಿದ್ದೆ. ಇದನ್ನ ಹೆಂಡತಿಗೂ ಹೇಳಿಲ್ಲ.

ಇನ್ನೊಂದು. ಇದ್ದಿಲ ಮೂಟೆ ಹೇರಿಕೊಂಡು ಗೇಟಿನ ಮುಂದೆ ಹೋಗ್ತಿದ್ದ ಚುಕುಡು ಹುಡುಗ. ಮರದ ಚಕ್ರಕ್ಕೆ ಹಳೇ ಟೈರಿನ ಪಟ್ಟಿ ಮೊಳೆ ಹೊಡೆದು ಕೂರಿಸೋದನ್ನ ನನಗೆ ತೋರಿಸಿಕೊಟ್ಟವನು, ಮೊಳೆಗಳನ್ನ ತುಟಿಯಲ್ಲಿ ಕಚ್ಚಿಕೊಂಡು. ನಾವವನಿಗೆ ನಾಗರಾಜ ಅಂತ ಹೆಸರಿಟ್ವಿ. ಮೊದಲೆರಡು ಸಲ ಎದೆ ಮುಟ್ಟಿಕೊಂಡು ತನ್ನ ಹೆಸರು ಹೇಳಿದ. ಮೂರನೇ ಸಲ ‘ನಾಗರಾಜ್’ ಅಂದಾಗ ತಿರುಗಿ ನೋಡಿದ. ಆ ವಿಡಿಯೋಗಳಲ್ಲಿ ಅವನ ಮುಖ ಹುಡುಕ್ತಾ ಎರಡು ರಾತ್ರಿ ಕೂತೆ. ಈಗ ಮೂವತ್ತು ದಾಟಿರಬೇಕು. ಯಾರನ್ನಾದ್ರೂ ವಿಚಾರಿಸೋಣ ಅಂದ್ರೆ ಗೋಮಾದಲ್ಲಿ ನಾಗರಾಜ ಎಲ್ಲಿ ಅಂತ ಕೇಳಲಿ? ಅವನ ನಿಜವಾದ ಹೆಸರು ನಿನಗೇನಾದ್ರೂ ನೆನಪಿದೆಯಾ? ‘ಬ’ದಿಂದ ಶುರುವಾಗ್ತಿತ್ತು ಅನ್ಸುತ್ತೆ. ಅಥವಾ ಅದು ನಿನ್ನ ಹೆಸರೋ ಏನೋ, ವಯಸ್ಸಾಯ್ತು.

ಸಾಕು, ಬಹಳ ಆಯ್ತು. ನಾಳೆ ಇದನ್ನ ಓದಿ ನಾನೇ ಅಳಿಸಿಬಿಡಬಹುದು, ಅಷ್ಟರೊಳಗೆ ಒಂದು ಲೈಕ್ ಒತ್ತು. ಗಾರೆಯವನು ಇಡೀ ತಾರಸಿಗೆ ಹೊಸದಾಗಿ ಕೋಟಿಂಗ್ ಆಗಬೇಕು ಅಂತ ಒಂದು ಲೆಕ್ಕ ಕೊಟ್ಟು ಹೋಗಿದಾನೆ, ಅದನ್ನ ನೋಡಿದ್ರೆ ನಾನು ಇನ್ನೊಂದು ಮಿಷನ್ನಿಗೆ ಹೋಗಬೇಕು. ಆದ್ರೆ ಈ ಹೊಟ್ಟೆ ಹೊತ್ತವನನ್ನ ಯಾರು ಸೇರಿಸ್ತಾರೆ? ಹೊಲದಿಂದ ಬಂದ ಮೇಲೆ ಫೋನ್ ಮಾಡು. ಇಲ್ದಿದ್ರೆ ಮುಂದಿನ ಪತ್ರ ಪೂರಾ ಮುಸುಕಿನ ಜೋಳದ್ದೇ.

ಇಂತಿ ನಿನ್ನ
ಬಂಕರ್ ಗೌಡ