ಮಗಳಿಗೊಂದು ಪತ್ರ: ವೈರಿನ ಬಣ್ಣ ನಂಬಬೇಡ

ಪ್ರೀತಿಯ ಪುಟ್ಟಿ,

ಹಳೆ ಕಾರಿಗೆ ಹೊಸ ಸ್ಟೀರಿಯೊ ನಾನೇ ಕೂರಿಸ್ತೀನಿ ಅಂದಿದ್ದೀಯ. ಕೂರಿಸು, ಕೈಗೆ ಮೀರಿದ ಕೆಲಸವೇನಲ್ಲ. ಆದರೆ ಡಬ್ಬಿ ಬಿಚ್ಚುವ ಮೊದಲು ನಿನ್ನ ಕಾರು ಯಾವ ಬಗೆಯದು ಅಂತ ತಿಳಿದುಕೋ. ಸಾಧಾರಣ ಕಾರಿನಲ್ಲಿ ರೇಡಿಯೊದಿಂದ ಹೊರಟ ವೈರ್ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ದುಬಾರಿ ಕಾರುಗಳಲ್ಲಿ ಹಾಗಲ್ಲ, ಡಿಕ್ಕಿಯಲ್ಲೋ ಸೀಟಿನ ಕೆಳಗೋ ಒಂದು ಆಂಪ್ಲಿಫೈಯರ್ ಅಡಗಿ ಕೂತಿರುತ್ತದೆ. ಸ್ಪೀಕರ್ ಜಾಲರಿಯ ಮೇಲೆ ಬೋಸ್, ನಾಕಾಮಿಚಿ, ಮಾರ್ಕ್ ಲೆವಿನ್ಸನ್ ಅಂತೆಲ್ಲ ಹೆಸರಿದ್ದರೆ ಆಂಪ್ ಇದ್ದೇ ಇದೆ ಅಂದುಕೋ.

ಇನ್ನೊಂದು ಬಗೆಯೂ ಇದೆ. 2001ರಲ್ಲಿ ಬಂದ ಬಿಎಂಡಬ್ಲ್ಯು 7 ಸೀರೀಸ್, ಅದರ ಹಿಂದೆಯೇ ಬಂದ ಆಡಿ ಎ8, ಇವುಗಳಲ್ಲಿ ರೇಡಿಯೊದಿಂದ ಆಂಪಿಗೆ ಹಾಡು ತಾಮ್ರದ ವೈರಿನಲ್ಲಿ ಹೋಗುವುದೇ ಇಲ್ಲ. ಮೋಸ್ಟ್ ಅನ್ನುವ ಆಪ್ಟಿಕಲ್ ಕೇಬಲ್ಲಿನಲ್ಲಿ ಬೆಳಕಾಗಿ ಹೋಗುತ್ತದೆ. ರೇಡಿಯೊ, ಆಂಪ್, ಫೋನ್, ಸಿಡಿ ಚೇಂಜರ್ ಎಲ್ಲವೂ ಒಂದೇ ಉಂಗುರದಲ್ಲಿ ಪೋಣಿಸಿಕೊಂಡಿರುತ್ತವೆ. ಒಂದನ್ನು ಕಿತ್ತರೆ ಉಂಗುರ ತುಂಡಾಗಿ ಮಿಕ್ಕವೂ ಬಾಯಿ ಮುಚ್ಚುತ್ತವೆ. ರೇಡಿಯೊ ಹಿಂದೆ ಕಿತ್ತಳೆ ಅಥವಾ ಹಸಿರು ಹೊದಿಕೆಯ ಜೋಡಿ ಕೇಬಲ್ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸು. ಆ ಮಾಡೆಲ್ಲಿಗೇ ಮಾಡಿದ ಇಂಟರ್‌ಫೇಸ್ ಪೆಟ್ಟಿಗೆ ಬೇಕು, ಇಲ್ಲವಾದರೆ ಹೊಸ ಆಂಪ್ ಇಟ್ಟು ಹೊಸದಾಗಿ ವೈರ್ ಎಳೆಯಬೇಕು. ಕೇಬಲ್ಲನ್ನು 25 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಮಡಚಬೇಡ, ಒಳಗೆ ಬೆಳಕು ಸೋರಿಹೋಗುತ್ತದೆ. ಮುಂದೆ ಬರೆಯುವುದೆಲ್ಲ ತಾಮ್ರದ ವೈರಿನ ಕಾರಿಗೆ.

ಬ್ಯಾಟರಿ ಕಳಚುವ ಮೊದಲು ಹಳೆ ರೇಡಿಯೊದ ಕೋಡ್ ಬರೆದಿಟ್ಟುಕೋ. ಉಂಗುರ, ಬಳೆ ತೆಗೆದಿಡು. ಕೀ ಹೊರಗೆ ತೆಗೆದು ಮೈನಸ್ ಟರ್ಮಿನಲ್ ಮಾತ್ರ ಬಿಚ್ಚು, ಸಾಮಾನ್ಯವಾಗಿ 10ರ ಸ್ಪ್ಯಾನರ್ ಸಾಕು. ದುಬಾರಿ ಕಾರುಗಳಲ್ಲಿ ಬ್ಯಾಟರಿ ಎಷ್ಟೋ ಸಲ ಡಿಕ್ಕಿಯಲ್ಲೇ ಇರುತ್ತದೆ, ಡಿಕ್ಕಿಯ ಲಾಕ್ ಕರೆಂಟಿನಲ್ಲಿ ಓಡುತ್ತದೆ. ಬ್ಯಾಟರಿ ಕಳಚಿ ಡಿಕ್ಕಿ ಮುಚ್ಚಿದೆಯೋ, ಮತ್ತೆ ತೆರೆಯಲು ಪೇಚಾಡಬೇಕು. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕಪ್ಲರ್, ಅಂದರೆ ವೈರುಗಳನ್ನು ಕೂಡಿಸುವ ಪ್ಲಗ್, ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಚುಚ್ಚುವುದೂ ಬೇಡ, ಕಳಚುವುದೂ ಬೇಡ.

ಹಳೆ ಪ್ಲಾಸ್ಟಿಕ್ ಒಣಗಿ ಹಪ್ಪಳವಾಗಿರುತ್ತದೆ. ಮರದ ಪಟ್ಟಿಯ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಪ್ಲಾಸ್ಟಿಕ್ ಮೀಟುಗೋಲಿನಿಂದಲೇ ಎಬ್ಬಿಸು, ಸ್ಕ್ರೂಡ್ರೈವರ್ ಹಾಕಬೇಡ.

ಈಗ ಮುಖ್ಯ ವಿಷಯ. ಹೊಸ ಸ್ಟೀರಿಯೊದ ವೈರುಗಳಿಗೆ ಒಂದು ಬಣ್ಣದ ಲೆಕ್ಕ ಇದೆ: ಹಳದಿ ಅಂದರೆ ಸದಾ ಕರೆಂಟ್, ಕೆಂಪು ಅಂದರೆ ಕೀ ಹಾಕಿದಾಗ ಮಾತ್ರ, ಕಪ್ಪು ಅರ್ಥ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿ), ಕಿತ್ತಳೆ ಡ್ಯಾಶ್ ಲೈಟ್, ನೀಲಿ ಆಂಟೆನಾ, ನೀಲಿ-ಬಿಳಿ ಆಂಪ್ ಎಬ್ಬಿಸಲು. ಜರ್ಮನ್ ಕಾರಿನ ಲೆಕ್ಕವೇ ಬೇರೆ. ಅಲ್ಲಿ ಅರ್ಥ್ ಕಂದು ಬಣ್ಣ, ಸದಾ ಕರೆಂಟ್ ಇರುವುದು ಕೆಂಪಿನಲ್ಲಿ, ಕೀ ಆನ್ ಮಾಡಿದಾಗ ಬರುವ ಕರೆಂಟ್ ಬಹಳಷ್ಟು ಕಡೆ ಕಪ್ಪು ವೈರಿನಲ್ಲಿ. ನಕ್ಷೆಯಲ್ಲಿ ಇವಕ್ಕೆ 31, 30, 15 ಅಂತ ನಂಬರ್ ಕೊಟ್ಟಿರುತ್ತಾರೆ, ಡ್ಯಾಶ್ ಲೈಟಿನದು 58. ಹೀಗಿರುವಾಗ ಕೆಂಪಿಗೆ ಕೆಂಪು ಸೇರಿಸಿದರೆ ಏನಾಗುತ್ತದೆ? ಕೀ ತೆಗೆದರೂ ಸ್ಟೀರಿಯೊ ಮಲಗುವುದಿಲ್ಲ, ರಾತ್ರಿಯಿಡೀ ಬ್ಯಾಟರಿ ಕುಡಿಯುತ್ತದೆ. ಕಪ್ಪಿಗೆ ಕಪ್ಪು ಸೇರಿಸಿದರೆ ಇನ್ನೂ ಕೆಟ್ಟದು. ಅರ್ಥ್ ಇರಬೇಕಾದ ಜಾಗಕ್ಕೆ 12 ವೋಲ್ಟ್ ನುಗ್ಗಿ, ಸ್ಟೀರಿಯೊದ ಲೋಹದ ಮೈಯಿಂದ ಆಂಟೆನಾ ಕೇಬಲ್ಲಿನ ಹೊರಜಾಲರಿ ಹಿಡಿದು ಬಾಡಿಗೆ ಇಳಿಯುತ್ತದೆ. ಫ್ಯೂಸ್ ಹೋದರೆ ಪುಣ್ಯ, ಹೋಗದಿದ್ದರೆ ಕೇಬಲ್ಲೇ ಸುಡುತ್ತದೆ.

ಆದ್ದರಿಂದ ಕಾರಿನ ಕಡೆಯ ಒಂದೊಂದು ವೈರನ್ನೂ ಅಳೆದೇ ಹೆಸರಿಡು. ಇದಕ್ಕೆ ಬ್ಯಾಟರಿ ಮತ್ತೆ ಜೋಡಿಸಬೇಕು, ಅಳೆದು ಮುಗಿದ ಮೇಲೆ ಮತ್ತೆ ಕಳಚಬೇಕು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ಹಿಡಿ. ಕೀ ಹೊರಗಿದ್ದಾಗಲೂ 12.5ರ ಆಸುಪಾಸು ತೋರಿಸುವುದು ನಿನ್ನ ಹಳದಿಗೆ. ಕೀ ಮೊದಲ ಹಂತಕ್ಕೆ ತಿರುಗಿಸಿದಾಗ ಬಂದು, ಕೀ ತೆಗೆದಾಗ ಸೊನ್ನೆಗೆ ಇಳಿಯುವುದು ಕೆಂಪಿಗೆ. ಪಾರ್ಕ್ ಲೈಟ್ ಹಾಕಿದಾಗ ಮಾತ್ರ ಬರುವುದು ಕಿತ್ತಳೆಗೆ. ಡಿಮ್ಮರ್ ತಿರುಗಿಸಿದಂತೆ ಅದು ಏರಿಳಿಯುತ್ತಿದ್ದರೆ ಕೆಲವು ಸ್ಟೀರಿಯೊಗಳು ಗೊಂದಲಕ್ಕೆ ಬಿದ್ದು ಮಿನುಗುತ್ತವೆ, ಆಗ ಕಿತ್ತಳೆಯ ತುದಿ ಮುಚ್ಚಿ ಬಿಟ್ಟುಬಿಡು, ನಷ್ಟವಿಲ್ಲ. ಬಲ್ಬಿನ ಟೆಸ್ಟ್ ಲ್ಯಾಂಪಿನಿಂದ ಗೊತ್ತಿಲ್ಲದ ವೈರನ್ನು ಮುಟ್ಟಬೇಡ. ಅದು ಎಳೆಯುವ ಕರೆಂಟಿಗೆ ಕಂಟ್ರೋಲ್ ಯೂನಿಟ್ಟೇ, ಅಂದರೆ ಕಾರಿನೊಳಗಿನ ಪುಟ್ಟ ಕಂಪ್ಯೂಟರೇ, ಸುಟ್ಟುಹೋಗಬಹುದು.

ಅರ್ಥ್ ಪರೀಕ್ಷೆಗೆ ಮಾತ್ರ ಬಲ್ಬ್ ಒಳ್ಳೆಯದು. ಓಮ್ ಮೀಟರ್ ಹರಿಸುವ ಕರೆಂಟ್ ಅತ್ಯಲ್ಪ, ಒಂದೇ ಎಳೆ ಉಳಿದ ಕೊಳೆತ ವೈರ್ ಕೂಡ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಇಂಡಿಕೇಟರಿನ 21 ವಾಟ್ ಬಲ್ಬ್ ಒಂದನ್ನು ಸದಾ ಕರೆಂಟಿನ ವೈರಿಗೂ ಈ ಅರ್ಥ್ ವೈರಿಗೂ ನಡುವೆ ಉರಿಸು, ಉರಿಯುತ್ತಿರುವಾಗಲೇ ಅರ್ಥ್ ವೈರಿನಿಂದ ಬ್ಯಾಟರಿ ಮೈನಸ್ಸಿಗೆ ವೋಲ್ಟ್ ನೋಡು. 0.1ರ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ಬಂದರೆ ಆ ಅರ್ಥ್ ಬೇಡ, 1.5 ಚದರ ಮಿಲಿಮೀಟರಿನ ಹೊಸ ವೈರನ್ನು ಬಾಡಿ ಬೋಲ್ಟಿಗೆ ಎಳೆ.

ಕೀ ಆನ್ ಮಾಡಿದರೆ ಬರುವ ವೈರೇ ರೇಡಿಯೊ ಕಪ್ಲರಿನಲ್ಲಿ ಸಿಗಲಿಲ್ಲವೋ, ನಿನ್ನ ಅಳತೆ ತಪ್ಪಿಲ್ಲ. 2000ದ ನಂತರದ ಬಹಳ ಕಾರುಗಳಲ್ಲಿ ರೇಡಿಯೊವನ್ನು ಎಬ್ಬಿಸುವುದು ಕ್ಯಾನ್ ಬಸ್ಸಿನ, ಅಂದರೆ ಕಂಟ್ರೋಲ್ ಯೂನಿಟ್ಟುಗಳು ಪರಸ್ಪರ ಮಾತಾಡುವ ವೈರ್ ಜಾಲದ, ಸಂದೇಶ. ಆ ಕಾರಿಗೆ ಹೊಂದುವ ಕ್ಯಾನ್ ಅಡಾಪ್ಟರ್ ತರಿಸು, ಅಥವಾ ಫ್ಯೂಸ್ ಬಾಕ್ಸಿನಲ್ಲಿ ಕೀ ಜೊತೆ ಬಂದುಹೋಗುವ ಫ್ಯೂಸಿನಿಂದ ಬೇರೆ ಫ್ಯೂಸ್ ಹಾಕಿ ಕೆಂಪಿಗೆ ಕೊಡು. ಸ್ಟೀರಿಂಗ್ ಬಟನ್ ಕೆಲಸ ಮಾಡಬೇಕಿದ್ದರೆ ಅಡಾಪ್ಟರೇ ದಾರಿ.

ಕಾರಿನಲ್ಲಿ ಐಎಸ್‌ಒ 10487 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ರೇಡಿಯೊ ಕಪ್ಲರ್ ಇದ್ದರೆ ಕೆಲಸ ಹಗುರ. ಅದರ ಕರೆಂಟಿನ ಭಾಗವಾದ ಎ ಬ್ಲಾಕಿನ 4ನೇ ಪಿನ್ ಸದಾ ಕರೆಂಟ್, 7 ಕೀ, 8 ಅರ್ಥ್, 5 ಆಂಟೆನಾ, 6 ಲೈಟ್. ಆದರೆ ಫೋಕ್ಸ್‌ವ್ಯಾಗನ್, ಆಡಿಗಳಲ್ಲಿ 4 ಮತ್ತು 7 ಅದಲುಬದಲು. ಪ್ರತಿಸಲ ಕೀ ತೆಗೆದಾಗ ಸ್ಟೇಷನ್ನುಗಳೆಲ್ಲ ಮರೆತುಹೋಗುತ್ತಿದ್ದರೆ ಇದೇ ರೋಗ. ಅಡಾಪ್ಟರಿನ ಹಳದಿ-ಕೆಂಪಿನ ನಡುವೆ ಕಳಚುವ ಜೋಡಣೆ ಇಟ್ಟಿರುವುದೇ ಅದಕ್ಕೆ, ಅಡ್ಡ ಬದಲಿಸಿದರೆ ಮುಗಿಯಿತು. ಅದೇ ಕಾರುಗಳಲ್ಲಿ 1, 2, 3ನೇ ಪಿನ್ನುಗಳಲ್ಲಿ ಗ್ಯಾರೇಜಿನಲ್ಲಿ ಕಾರಿನ ದೋಷ ಓದುವ ಸ್ಕ್ಯಾನರಿಗೆ ಹೋಗುವ ಡಯಾಗ್ನೋಸ್ಟಿಕ್ ವೈರ್ ಇರಬಹುದು. ಅಡಾಪ್ಟರ್ ಕಡೆಯಿಂದ ಆ ಮೂರೂ ಪಿನ್ ಎಳೆದುಹಾಕು. ಇಲ್ಲದಿದ್ದರೆ ಮುಂದೊಂದು ದಿನ ಸ್ಕ್ಯಾನರ್ ಕಾರಿನ ಜೊತೆ ಮಾತಾಡುವುದಿಲ್ಲ, ಸ್ಟೀರಿಯೊ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸ್ಪೀಕರ್ ವೈರಿಗೆ ಬಾ. ಹೊಸ ಸ್ಟೀರಿಯೊದಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇದ್ದದ್ದು ಮೈನಸ್. ಈ ಮೈನಸ್ ಅರ್ಥ್ ಅಲ್ಲ, ನೆನಪಿಡು. ಎರಡು ವೈರಿನಲ್ಲೂ ಸುಮಾರು 6 ವೋಲ್ಟ್ ನಿಂತಿರುತ್ತದೆ, ಬಾಡಿಗೆ ತಾಗಿದರೆ ಒಳಗಿನ ಚಿಪ್ ಸಾಯುತ್ತದೆ. ತೀರಾ ಹಳೆಯ ಕಾರುಗಳಲ್ಲಿ ಸ್ಪೀಕರುಗಳ ಮೈನಸ್ಸನ್ನು ಒಂದೇ ವೈರಿಗೆ ಕಟ್ಟಿರುತ್ತಾರೆ. ಅಲ್ಲಿ ಪ್ರತಿ ಸ್ಪೀಕರಿಗೂ ಬೇರೆ ಜೋಡಿ ಎಳೆಯದೆ ಗತಿಯಿಲ್ಲ.

ಕಪ್ಲರ್ ಕಳಚಿದ ಸ್ಥಿತಿಯಲ್ಲಿ ಒಂದೊಂದು ಜೋಡಿಯನ್ನೂ ಓಮ್‌ನಲ್ಲಿ ಅಳೆ. 3.2ರಿಂದ 3.8 ಬಂದರೆ ಅದು 4 ಓಮ್ ಸ್ಪೀಕರ್, ನೇರ ಕೊಡಬಹುದು. 1 ಅಥವಾ 2 ಬಂದರೆ ಸ್ಟೀರಿಯೊಗೆ ಹೊರೆ ಹೆಚ್ಚು, ವಾಲ್ಯೂಮ್ ಏರಿಸಿದಾಗ ಬಿಸಿಯಾಗಿ ನಿಂತುಬಿಡುತ್ತದೆ. ಸಾವಿರಗಟ್ಟಲೆ ಓಮ್ ತೋರಿಸಿದರೆ ಅಲ್ಲಿ ಸ್ಪೀಕರಿಲ್ಲ, ಆಂಪಿನ ಬಾಯಿ ಇದೆ. ಅದಕ್ಕೆ ಬಿಳಿ, ಬೂದು ವೈರುಗಳನ್ನು ನೇರ ಕೊಟ್ಟರೆ ಹಾಡೆಲ್ಲ ಒಡೆದ ಕರ್ಕಶ. ಸ್ಟೀರಿಯೊ ಹಿಂದಿನ ಆರ್‌ಸಿಎ ಔಟ್‌ಪುಟ್ಟನ್ನು, ಅಂದರೆ ಆಂಪಿಗೆಂದೇ ಸಣ್ಣ ಸಿಗ್ನಲ್ ಕೊಡುವ ದುಂಡು ಪ್ಲಗ್ಗನ್ನು, ಆ ಕಾರಿನ ಆಂಪಿಗೇ ಮಾಡಿದ ಅಡಾಪ್ಟರ್ ಮೂಲಕ ಕೊಡಬೇಕು. ಜೊತೆಗೆ ನೀಲಿ-ಬಿಳಿ ವೈರ್ ಆಂಪ್ ಎಬ್ಬಿಸುವ ವೈರಿಗೆ ಸೇರಲೇಬೇಕು. ಸ್ಟೀರಿಯೊ ಬೆಳಗುತ್ತದೆ, ಹಾಡು ಓಡುತ್ತದೆ, ಸದ್ದು ಮಾತ್ರ ಇಲ್ಲ ಅನ್ನುವ ದೂರಿಗೆ ಮೊದಲು ನೋಡಬೇಕಾದ್ದು ಈ ಒಂದು ವೈರನ್ನೇ.

ಸದ್ದು ಬಂದ ಮೇಲೆ ಕೊಸರು ಉಳಿಯುತ್ತದೆ. ಎಂಜಿನ್ ಜೋರು ಮಾಡಿದಂತೆ ಏರುವ ಕೀರಲು ದನಿ ಇದ್ದರೆ ಅದು ಆಲ್ಟರ್ನೇಟರಿನದು. ಕಾರಿನ ಆಂಪ್‌ಗಳು ಬಹುಪಾಲು ಪ್ಲಸ್, ಮೈನಸ್ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತವೆ. ಆರ್‌ಸಿಎಯ ಹೊರಜಾಲರಿ ಆ ಮೈನಸ್ಸನ್ನು ಸ್ಟೀರಿಯೊ ಅರ್ಥಿಗೆ ಕಟ್ಟಿಹಾಕಿದಾಗ, ಎರಡು ಕಡೆಯ ಅರ್ಥ್‌ಗಳ ವ್ಯತ್ಯಾಸವೂ ಹಾಡಿನ ಜೊತೆ ಒಳಗೆ ಬರುತ್ತದೆ. ಅರ್ಥ್ ಸರಿಪಡಿಸಿದರೂ ಹೋಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕು. ಎಂಜಿನ್ ಹೇಗೆ ಓಡಿದರೂ ಒಂದೇ ಸಮನೆ ಬುಸ್ಸನ್ನುವ ಸದ್ದು ಬೇರೆ ಕಥೆ. ಅಲ್ಲಿ ಮಟ್ಟ ಹೊಂದಿಲ್ಲ, ಅಡಾಪ್ಟರಿನ ಗೇನ್ ತಿರುಪನ್ನು ತಗ್ಗಿಸು. ಬೇಸ್ ಸೊರಗಿ ಹಾಡುಗಾರರ ದನಿ ಎಲ್ಲಿಂದ ಬರುತ್ತಿದೆ ಅಂತ ತಿಳಿಯದಿದ್ದರೆ ಯಾವುದೋ ಒಂದು ಸ್ಪೀಕರಿನ ಪ್ಲಸ್ ಮೈನಸ್ ತಿರುಗಿದೆ. ನೇರ ಸ್ಪೀಕರಿಗೆ ಹೋಗುವ ಜೋಡಿಗೆ 1.5 ವೋಲ್ಟಿನ ಸೆಲ್ ಕ್ಷಣಮಾತ್ರ ತಾಗಿಸು, ಪ್ಲಸ್ಸಿಗೆ ಪ್ಲಸ್ ಇದ್ದರೆ ಕೋನ್ ಹೊರಗೆ ಜಿಗಿಯುತ್ತದೆ. ಆಂಪಿಗೆ ಹೋಗುವ ಜೋಡಿಗೆ ಇದನ್ನು ಮಾಡಬಾರದು.

ಆಂಟೆನಾ ಹಿಂದಿನ ಗಾಜಿನಲ್ಲಿದ್ದರೆ ಅದಕ್ಕೊಂದು ಪುಟ್ಟ ಬೂಸ್ಟರ್ ಇರುತ್ತದೆ. ನೀಲಿ ವೈರಿನಿಂದ 12 ವೋಲ್ಟ್ ಹೋಗದಿದ್ದರೆ ಎಫ್‌ಎಂ ಬರೀ ಗೊರಗೊರ. ಮೇಲೇಳುವ ಮೋಟರ್ ಆಂಟೆನಾ ಆದರೆ ಎಚ್ಚರ, ನೀಲಿ ವೈರ್ ತಡೆಯುವುದು ಹೆಚ್ಚೆಂದರೆ 0.3 ಆಂಪಿಯರ್ ಅಂತಲೇ ಇಟ್ಟುಕೋ. ಮೋಟರಿನಲ್ಲೇ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಇದ್ದರೆ ಅದರ ಸಿಗ್ನಲ್ ವೈರಿಗೆ ನೀಲಿ ನೇರ ಕೊಡು. ಇಲ್ಲದಿದ್ದರೆ ಹೊರಗೆ ರಿಲೇ ಇಡು: 86ಕ್ಕೆ ನೀಲಿ, 85ಕ್ಕೆ ಅರ್ಥ್, 30ಕ್ಕೆ ಫ್ಯೂಸ್ ದಾಟಿ ಬಂದ ಕರೆಂಟ್, 87ರಿಂದ ಮೋಟರಿಗೆ.

ಕಾರಿನ ಕಪ್ಲರನ್ನು ಕತ್ತರಿಸಬೇಡ. ಅಡಾಪ್ಟರ್ ಕೊಂಡು, ಎರಡು ಕಡೆಯ ವೈರುಗಳನ್ನು ಮೇಜಿನ ಮೇಲೆಯೇ ಜೋಡಿಸಿಕೋ. ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಮೊದಲೇ ತೂರಿಸು, 7 ಮಿಲಿಮೀಟರ್ ಸುಲಿದು ಸರಿಯಾದ ಇಕ್ಕಳದಲ್ಲಿ ಲೋಹದ ತೋಳನ್ನು ಒತ್ತಿ ಕ್ರಿಂಪ್ ಮಾಡಿ ಜಗ್ಗಿ ನೋಡು. ಬರೀ ತಿರುಚಿ ಟೇಪ್ ಸುತ್ತಿದರೆ ಡ್ಯಾಶ್‌ಬೋರ್ಡಿನ ಬಿಸಿಗೆ ಅಂಟು ಕರಗಿ ಟೇಪ್ ಜಾರುತ್ತದೆ. ಹೊರಗೆ ಬಟ್ಟೆ ಟೇಪ್ ಸುತ್ತಿದರೆ ಗಡಗಡ ಇರುವುದಿಲ್ಲ. ಹಿಂದೆ ಜಾಗ ಕಡಿಮೆ, ಕಟ್ಟನ್ನು ಸ್ಟೀರಿಯೊ ಬೆನ್ನಿಗೆ ತುರುಕದೆ ಪಕ್ಕಕ್ಕೋ ಕೆಳಕ್ಕೋ ಇಳಿಬಿಡು.

ಒಳಗೆ ತಳ್ಳುವ ಮೊದಲೇ ನಾಲ್ಕು ಮೂಲೆಯನ್ನೂ ಬ್ಯಾಲೆನ್ಸ್, ಫೇಡರ್ ತಿರುಗಿಸಿ ಕೇಳು, ಕೀ ತೆಗೆದಾಗ ಆರುತ್ತದೆಯೇ ನೋಡು. ಕಡೆಗೆ ಬ್ಯಾಟರಿ ಮೈನಸ್ಸಿಗೂ ಅದರ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಕಡೆಗೆ ಹಾಕಿ, ಬಾಗಿಲು ಮುಚ್ಚಿ ಕಾಯಿ. ಮೀಟರ್ ಹಾಗಿರುವಾಗ ಸ್ಟಾರ್ಟ್ ಮಾಡಬೇಡ, ಅದರ ಫ್ಯೂಸ್ ಹೋಗುತ್ತದೆ. ಈ ಕಾರುಗಳ ಕಂಟ್ರೋಲ್ ಯೂನಿಟ್ಟುಗಳು ನಿದ್ದೆಗೆ ಜಾರಲು ಅರ್ಧ ಗಂಟೆಯೂ ಹಿಡಿಯಬಹುದು, ಮೊದಲ ಅಂಕಿ ನೋಡಿ ಗಾಬರಿಯಾಗಬೇಡ. 50 ಮಿಲಿಆಂಪಿಯರಿನ ಕೆಳಗೆ ಇಳಿದರೆ ಸರಿ. ಇಳಿಯದಿದ್ದರೆ ಸ್ಟೀರಿಯೊದ ಫ್ಯೂಸ್ ಕಿತ್ತು ನೋಡು. ಆಗ ಇಳಿದರೆ ಕೆಂಪು ವೈರ್ ತಪ್ಪು ಜಾಗದಲ್ಲಿದೆ, ಅಥವಾ ಯಾವುದೋ ಅಡಾಪ್ಟರ್ ಮಲಗುತ್ತಿಲ್ಲ. ಆಗಲೂ ಇಳಿಯದಿದ್ದರೆ ಸೋರಿಕೆ ನಿನ್ನ ಕೆಲಸದ್ದಲ್ಲ, ಕಾರಿನದೇ.

ಇಂತಿ,
ನಿನ್ನ ಅಮ್ಮ