ಭಾನುವಾರದ ಅಧ್ಯಯನ: ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬರುವ ಮುಂಚೆ ಯೆರೆಮೀಯ 31:31-34 ಓದಿಕೊಳ್ಳಿ. ಹೊಸ ಒಡಂಬಡಿಕೆಯ, ಅಂದರೆ ದೇವರು ಜನರೊಂದಿಗೆ ಮಾಡುವ ಹೊಸ ಒಪ್ಪಂದದ ಮಾತು ಮೊದಲು ಬಂದದ್ದೇ ಸತ್ಯವೇದದ ಹಳೆಯ ಒಡಂಬಡಿಕೆ ಭಾಗದಲ್ಲಿ! ಧರ್ಮಶಾಸ್ತ್ರವನ್ನು (ಮೋಶೆಯ ಮೂಲಕ ಕೊಟ್ಟ ಆಜ್ಞೆಗಳನ್ನು) ಜನರ ಹೃದಯದಲ್ಲೇ ಬರೆಯುತ್ತೇನೆ ಅಂತ ದೇವರು ಅಲ್ಲಿ ಹೇಳುತ್ತಾನೆ. ಅಳಿಸುತ್ತೇನೆ ಅಂತಲ್ಲ. ಇಬ್ರಿಯರಿಗೆ ಬರೆದ ಪತ್ರದ 8ನೇ ಅಧ್ಯಾಯ ಇದೇ ಭಾಗವನ್ನು ಎತ್ತಿಕೊಂಡು, ಮೊದಲಿನ ಒಡಂಬಡಿಕೆ ಹಳೆಯದಾಯಿತು ಅನ್ನುತ್ತದೆ. ಮತ್ತಾಯ 5:17ರಲ್ಲಿ ಯೇಸು ತಾನು ಧರ್ಮಶಾಸ್ತ್ರವನ್ನು ರದ್ದು ಮಾಡಲು ಬಂದಿಲ್ಲ, ನೆರವೇರಿಸಲು ಬಂದೆ ಅನ್ನುತ್ತಾನೆ. ಹಾಗಾದರೆ ಆ ಧರ್ಮಶಾಸ್ತ್ರ ಈಗಲೂ ನಮಗೆ ಅನ್ವಯಿಸುತ್ತದೆಯೇ? ಚರ್ಚೆ ಇರುವುದೇ ಇಲ್ಲಿ, ಅಲ್ವಾ?

ಮೋಶೆ ಜನರ ಮೇಲೆ ರಕ್ತ ಚಿಮುಕಿಸಿದ್ದನ್ನೂ (ವಿಮೋಚನಕಾಂಡ 24:8) ಕಡೇ ಭೋಜನದಲ್ಲಿ ಯೇಸು ಪಾತ್ರೆಯ ಬಗ್ಗೆ ಹೇಳಿದ್ದನ್ನೂ (ಲೂಕ 22:20) ಒಟ್ಟಿಗೆ ಓದಿ; ಎರಡರಲ್ಲೂ ಒಡಂಬಡಿಕೆಯ ರಕ್ತದ ಮಾತಿದೆ. ಯೆಹೂದ್ಯರಲ್ಲದ ವಿಶ್ವಾಸಿಗಳಿಗೂ ಸುನ್ನತಿ ಬೇಕೇ ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ, ಅದಕ್ಕೆ ಅಪೊಸ್ತಲರ ಕೃತ್ಯಗಳು 15 ನೋಡಿರಿ.

ದಯವಿಟ್ಟು ಪೂರ್ತಿ ಸತ್ಯವೇದ ತನ್ನಿ. ಬರೀ ಹೊಸ ಒಡಂಬಡಿಕೆಯ ಚಿಕ್ಕ ಪುಸ್ತಕ ಸಾಲದು.