ಅಕ್ಕಿ ಬಾಯಿಗೆ ಹಾಕ್ಕೋತಿದ್ದೀಯಾ?

ಮಗಳೇ,

ಭಾನುವಾರ ನೀನು ಫೋನ್ ಕುಕ್ಕಿದ್ದು ಸರಿಯಾಗೇ ಇತ್ತು. ಬಸಿರು ತಡೆಯೋ ಸೂಜಿ ಹಾಕಿಸಿಕೊಂಡ ಮೇಲೆ 22 ದಿನದಿಂದ ಮುಟ್ಟು ಹೋಗ್ತಾನೇ ಇದೆ ಅಂದ ಮಗಳಿಗೆ 'ಕೆಟ್ಟ ರಕ್ತ, ಸೂಜಿ ತೆಗೆಸಿಬಿಡು' ಅಂತ ಕೂಗಿದೆನೇ ಹೊರತು, ಮೊದಲು ಕೇಳಬೇಕಾದ್ದನ್ನ ನಾನು ಕೇಳಲೇ ಇಲ್ಲ. ಈಗ ಕೇಳ್ತೀನಿ, ನಗಬೇಡ. ಬರೀ ಅಕ್ಕಿ ಬಾಯಿಗೆ ಹಾಕ್ಕೋತಿದ್ದೀಯಾ?

ನಿನ್ನ ದೊಡ್ಡಮ್ಮ ಅಕ್ಕಿ ಆರಿಸೋಕೆ ಕೂತರೆ ಕಲ್ಲು ಒಂದು ಕಡೆ, ಹಿಡಿ ಅಕ್ಕಿ ಬಾಯಿಗೆ. ಆ ಕುಟುಕುಟು ಸದ್ದು ನಡುಮನೆಗೂ ಕೇಳೋದು. ಆಸೆಬುರುಕಿ ಅಂತ ನಾನೇ ನಿಮ್ಮಜ್ಜಿಗೆ ಚಾಡಿ ಹೇಳಿ ಬೈಸಿದೆ. ಬಣವೆ ಹಿಂದೆ ತಿಂಗಳೆಲ್ಲ ಅವಳ ಮುಟ್ಟಿನ ಬಟ್ಟೆ ಒಣಗೋದನ್ನ ನೋಡಿದ್ದೆ, ನೋಡಿಯೂ ಲೆಕ್ಕ ಹಾಕಲಿಲ್ಲ. ಬೋರಿಂಗ್ ಹತ್ತಿರ ಕೊಡದ ಸಮೇತ ಕುಸಿದ ಮೇಲೇ ತುಮಕೂರಿಗೆ ಹೊತ್ತುಕೊಂಡು ಹೋಗಿದ್ದು. ಹಿಮೋಗ್ಲೋಬಿನ್ 5ಕ್ಕೆ ಇಳಿದಿತ್ತು. 'ಅಕ್ಕಿ, ಮಣ್ಣು, ಬಳಪ ತಿಂತಾಳಾ?' ಅಂತ ಡಾಕ್ಟರಮ್ಮ ಕೇಳಿದರು. ಮೈಯಲ್ಲಿ ಕಬ್ಬಿಣ ಕಮ್ಮಿಯಾದರೆ ಹಾಗೆ ಬಾಯಿ ಕೇಳುತ್ತಂತೆ. ರಕ್ತ ಕೊಟ್ಟರು, ಬದುಕಿದಳು. ಸೀರೆ ಬದಲಿಸುವಾಗ ಸೆರಗಿನ ತುದೀಲಿ ಒಂದು ಗಂಟು ಸಿಕ್ಕಿತು. ಒಳಗೆ ಅಕ್ಕಿ. ನಾನು ಬೈಸಿದ ಮೇಲೆ ಕದ್ದು ತಿಂತಿದ್ದಳು. ಬಿಚ್ಚಿದ್ದು ನಾನೇ.

ಅವಳದು ಸೂಜಿಯಿಂದ ಆಗಿದ್ದಲ್ಲ, ಗೊತ್ತು. ನಿನ್ನೆ ನಮ್ಮ ಸಿಸ್ಟರಮ್ಮನ್ನ ಕೇಳಿದೆ. ನೀನು ಹಾಕಿಸಿಕೊಂಡ ಈ 'ಅಂತರಾ' ಸೂಜಿ 2017ರಿಂದ ಸರ್ಕಾರಿ ಆಸ್ಪತ್ರೇಲೇ ಕೊಡ್ತಿದ್ದಾರೆ, ಮೊದಮೊದಲ ತಿಂಗಳಲ್ಲಿ ಹೀಗೆ ಹನಿಹನಿ ಹೋಗೋದು ಎಷ್ಟೋ ಜನಕ್ಕೆ ಆಗುತ್ತೆ, ಗರ್ಭಕೋಶದ ಒಳಪದರ ತೆಳ್ಳಗಾಗಿ ಅಲ್ಲಲ್ಲಿ ಕಿತ್ತು ಬರುತ್ತೆ ಅಂದರು. ವರ್ಷ ತುಂಬೋ ಹೊತ್ತಿಗೆ ಎಷ್ಟೋ ಜನಕ್ಕೆ ಮುಟ್ಟೇ ನಿಲ್ಲುತ್ತಂತೆ. 'ಕೆಟ್ಟ ರಕ್ತ' ಅಂತ ನಾನಂದದ್ದು ತಪ್ಪು. 'ತೆಗೆಸಿಬಿಡು' ಅಂತ ಕೂಗಿದೆನಲ್ಲ, ಒಂದ್ಸಲ ಹಾಕಿಸಿದ್ದು ಮೂರು ತಿಂಗಳು ಮೈಯಲ್ಲೇ ಇರೋದು, ತೆಗೆಯೋದೇನನ್ನ! ಸಿಸ್ಟರಮ್ಮ ನಕ್ಕರು.

ಹಾಗಂತ ಸುಮ್ಮನೆ ಕೂರಬೇಡ. ಡಾಕ್ಟರ ಹತ್ತಿರ ಹೋಗು, ಬಸಿರಿನ ಪರೀಕ್ಷೆ, ಹಿಮೋಗ್ಲೋಬಿನ್ ಎರಡೂ ಮಾಡಿಸು. 12ಕ್ಕಿಂತ ಕೆಳಗಿದ್ದರೆ ರಕ್ತ ಕಮ್ಮಿ ಅಂತಲೇ ಲೆಕ್ಕ. ಹರಿವು ಕಮ್ಮಿ ಮಾಡೋಕೆ ಕೆಲವು ದಿನದ ಮಾತ್ರೆ ಇದೆಯಂತೆ, ಅದನ್ನ ಅವರೇ ಬರೆಯಲಿ. ಪಾಪು ಹಾಲು ಕುಡೀತಿದೆ ಅಂತ ಮರೀದೆ ಹೇಳು. ಹಬ್ಬಕ್ಕೆ ಮುಟ್ಟು ಮುಂದೂಡೋ ಮಾತ್ರೇನ ಪಕ್ಕದ ಮನೆಯವಳು ಕೊಟ್ಟಳು ಅಂತ ನುಂಗೀಯ, ಹುಷಾರು. ಕಬ್ಬಿಣದ ಮಾತ್ರೆ ಕೊಟ್ಟರೆ ನಿಂಬೆರಸದ ಜೊತೆ ತಗೋ. ಮೇಲಿಂದ ಮೇಲೆ ಕಾಫಿ ಹೀರೋ ನಿನ್ನ ಚಾಳಿ ಬಿಡು, ಕಬ್ಬಿಣ ಮೈಗೆ ಹತ್ತಲ್ಲ. ಗಂಟೆಗೊಂದು ಪ್ಯಾಡ್ ತುಂಬಿ ಎರಡು ಗಂಟೆ ಹಾಗೇ ಹೋದರೆ, ದೊಡ್ಡ ಗಡ್ಡೆ ಬಿದ್ದರೆ, ಕಣ್ಣು ಕತ್ತಲೆ ಬಂದರೆ ರಾತ್ರಿ ಎಷ್ಟೊತ್ತಾದರೂ ಆಸ್ಪತ್ರೆಗೆ ಹೊರಡು. ಅತ್ತೆ ಏನಂತಾರೆ, ಅಮ್ಮ ಏನಂತಾಳೆ ಅಂತ ಕಾಯಬೇಡ.

ನೋಡು, ಮತ್ತೆ ಉಪದೇಶಕ್ಕೇ ಬಂದೆ. ನಮ್ಮನೇಲಿ ದಿನ ಎಣಿಸಿ, ಬಾಯಿಬಿಟ್ಟು ಹೇಳಿದ ಮೊದಲ ಹೆಣ್ಣು ನೀನು. ಅದಕ್ಕೆ ಬೈದೆನಲ್ಲ ಅಂತ ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಮುಂದಿನ ಸೂಜಿ ಹಾಕಿಸೋದು, ಬಿಡೋದು, ಬೇರೆ ದಾರಿ ನೋಡೋದು ನಿನಗೆ ಬಿಟ್ಟಿದ್ದು.

ಅಕ್ಕಿದು ಮಾತ್ರ ನಿಜ ಹೇಳು. ಬೈಯಲ್ಲ.

ಅಮ್ಮ